ಇವಿಲ್ ಡೆಡ್ 2 ಸೀಕ್ವೆಲ್ಲಾ, ರೀಮೇಕಾ? ಮತ್ತೆ ಆ ರಕ್ತ ಯಾಕೆ ಹಸಿರು?

ಗವಿಪುರದ_ಪ್ರೇಕ್ಷಕ
ಎರಡು ಪ್ರಶ್ನೆ ಇದೆ, ಹಾರರ್ ಅರೆದು ಕುಡಿದಿರೋರು ಉತ್ತರಿಸಿ.

1987ರ ಇವಿಲ್ ಡೆಡ್ 2 ಶುರುವಾಗಿ ಏಳೆಂಟು ನಿಮಿಷದಲ್ಲೇ ಮೊದಲ ಚಿತ್ರದ ಕಥೆ ಪೂರ್ತಿ ಓಡಿ ಮುಗಿಯುತ್ತೆ. ಆದ್ರೆ ಸರಿಯಾಗಿ ಅದೇ ಕಥೆ ಅಲ್ಲ. ಮೊದಲನೇದ್ರಲ್ಲಿ ಕಾಡುಮನೆಗೆ ಹೋಗೋರು ಐದು ಜನ, ಇಲ್ಲಿ ನಾಯಕ ಆಶ್ ಮತ್ತು ಅವನ ಗೆಳತಿ ಲಿಂಡಾ ಇಬ್ಬರೇ. ಲಿಂಡಾ ಪಾತ್ರ ಮಾಡಿರೋ ನಟಿಯೂ ಬೇರೆ. ಗೆಳತಿಯನ್ನ ಹೂತು ಬಂದೋನು ಇನ್ನೊಬ್ಬಳನ್ನ ಕರ್ಕೊಂಡು ಮತ್ತೆ ಅದೇ ಮನೆಗೆ ಹೋದ್ನಾ? ಇದು ಸೀಕ್ವೆಲ್ಲಾ, ರೀಮೇಕಾ?

ಎರಡನೇದು ರಕ್ತ. ಆಮೇಲೆ ಆ ಮನೆಗೆ ಬರೋ ಎಡ್ ದೆವ್ವ ಆದಾಗ ಆಶ್ ಕೊಡಲಿ ಬೀಸಿದ್ರೆ ಚಿಮ್ಮೋದು ಹಸಿರು. ಬೇರೆ ಕಡೆ ಕಪ್ಪು. ಇದು ಸ್ಟೈಲಾ, ಬೇರೆ ಕಾರಣ ಇದೆಯಾ? ಆಗಿನ ವಿಮರ್ಶಕರು ಇದನ್ನ ಹೇಗೆ ತಗೊಂಡ್ರು?

ಜಯನಗರ_4ನೇ_ಬ್ಲಾಕ್
ರೀಮೇಕ್. ಅದೇ ಮನೆ, ಅದೇ ಟೇಪ್ ರೆಕಾರ್ಡರ್, ದೆವ್ವ ಎಬ್ಬಿಸೋ ಅದೇ ಪುಸ್ತಕ, ಅದೇ ನೆಲಮಾಳಿಗೆ. ಇನ್ನೇನು ಬೇಕು?

ಫೋಕಸ್_ಪುಲ್ಲರ್
ಅಲ್ಲ ಗುರು, ಸೀಕ್ವೆಲ್ಲೇ. ಹಿಂದಿನ ಕಥೆ ನೆನಪಿಸೋಕೆ ಮೊದಲ ಚಿತ್ರದ ತುಣುಕುಗಳನ್ನೇ ಹಾಕೋ ಯೋಚನೆ ಇತ್ತು. ಆದ್ರೆ ಆ ಚಿತ್ರವನ್ನ ಒಂದೊಂದು ದೇಶಕ್ಕೆ ಒಬ್ಬೊಬ್ಬ ವಿತರಕರಿಗೆ ಮಾರಿಬಿಟ್ಟಿದ್ರು. ತಮ್ಮದೇ ಸಿನಿಮಾದ ಎರಡು ನಿಮಿಷ ಬಳಸಬೇಕಂದ್ರೂ ಎಲ್ಲರ ಹತ್ರ ಒಪ್ಪಿಗೆ ತಗೋಬೇಕು. ಅದು ಆಗಲಿಲ್ಲ, ಹೊಸದಾಗಿ ಶೂಟ್ ಮಾಡಿದ್ರು. ಹೊಸದಾಗಿ ಮಾಡೋವಾಗ ಐದು ಪಾತ್ರ ತಂದ್ರೆ ಆಶ್ ಬಿಟ್ಟು ನಾಲ್ಕು ಸಾವು ತೋರಿಸಬೇಕು, ಅರ್ಧ ಗಂಟೆ ಅಲ್ಲೇ ಹೋಗುತ್ತೆ. ಚೆರಿಲ್, ಸ್ಕಾಟ್, ಶೆಲ್ಲಿ ಮೂವರನ್ನೂ ಬಿಟ್ಟು ಆಶ್-ಲಿಂಡಾಗೆ ಇಳಿಸಿದ್ರು. ಬೆಟ್ಸಿ ಬೇಕರ್ ಬದಲು ಡೆನಿಸ್ ಬಿಕ್ಸ್ಲರ್ ಬಂದ್ರು.

ಬೆಸುಗೆ ಎಲ್ಲಿದೆ ನೋಡಿ. ಮೊದಲ ಚಿತ್ರದ ಕೊನೆ ಶಾಟ್‌ನಲ್ಲಿ ಆ ಕಾಣದ ಶಕ್ತಿ ಕಾಡಿಂದ ನುಗ್ಗಿ, ಮನೆ ಹಾದು, ಆಶ್‌ಗೆ ಬಡಿಯುತ್ತೆ. ಎರಡನೇದ್ರಲ್ಲಿ ಅದೇ ಶಾಟ್ ಮತ್ತೆ ಬರುತ್ತೆ. ಅದಕ್ಕಿಂತ ಹಿಂದಿನದೆಲ್ಲ ನೆನಪಿಸೋದು, ಅಲ್ಲಿಂದ ಮುಂದೆ ಹೊಸ ಕಥೆ. ಅವನು ಎರಡು ಸಲ ಆ ಮನೆಗೆ ಹೋಗಿಲ್ಲ.

ಜಯನಗರ_4ನೇ_ಬ್ಲಾಕ್
ಹಕ್ಕು ಸಿಗಲಿಲ್ಲ ಅನ್ನೋದು ಅವರ ಕಷ್ಟ. ನೋಡೋನಿಗೆ ಅದು ಹೇಗೆ ಗೊತ್ತಾಗ್ಬೇಕು? ಪರದೆ ಮೇಲೆ ಇರೋದು ರೀಮೇಕೇ.

ರೀಲ್_ರಂಗಣ್ಣ
ಪರದೆ ಮೇಲೆ ಏನಿದೆ ಅನ್ನೋದನ್ನೇ ನೋಡೋಣ ಸ್ವಾಮಿ. ಒಟ್ಟು 84 ನಿಮಿಷದ ಚಿತ್ರ. ನೀವು ರೀಮೇಕ್ ಅನ್ನೋ ಭಾಗ ಹೆಚ್ಚೆಂದರೆ ಎಂಟು ನಿಮಿಷ. ಉಳಿದದ್ದರಲ್ಲಿ ಆ ಮನೆಯಲ್ಲಿದ್ದ ಪ್ರೊಫೆಸರ್‌ನ ಮಗಳು ಆ್ಯನಿ ಪುಸ್ತಕದ ಕಳೆದುಹೋದ ಹಾಳೆಗಳನ್ನು ತರುತ್ತಾಳೆ, ನೆಲಮಾಳಿಗೆಯಲ್ಲಿ ಹೂತಿಟ್ಟ ಪ್ರೊಫೆಸರ್ ಹೆಂಡತಿ ಹೆನ್ರಿಯೆಟಾ ಏಳುತ್ತಾಳೆ, ಆಶ್ ತನ್ನ ಕೈಯನ್ನೇ ಕತ್ತರಿಸಿ ಆ ಜಾಗಕ್ಕೆ ಚೈನ್‌ಸಾ ಕಟ್ಟಿಕೊಳ್ಳುತ್ತಾನೆ, ಕೊನೆಗೆ ಮಧ್ಯಯುಗಕ್ಕೆ ಹೋಗಿ ಬೀಳುತ್ತಾನೆ. ಇದರಲ್ಲಿ ಯಾವುದೂ ಮೊದಲ ಚಿತ್ರದಲ್ಲಿಲ್ಲ.

ಇನ್ನೊಂದು ವಿಷಯ. ನಿರ್ದೇಶಕ ಸ್ಯಾಮ್ ರೈಮಿಯ ಮೂಲ ಯೋಚನೆಯೇ ಆ ಮಧ್ಯಯುಗದ ಕಥೆ. ಹಣ ಹಾಕಿದ ಡಿನೋ ಡಿ ಲಾರೆಂಟಿಸ್‌ಗೆ ಮೊದಲ ಚಿತ್ರದಂಥದ್ದೇ ಬೇಕಿತ್ತು. ಹಾಗಾಗಿ ಕಾಡುಮನೆ ಉಳಿಯಿತು, ಕೋಟೆ ಕೊನೆಯ ದೃಶ್ಯಕ್ಕೆ ಸರಿಯಿತು. ಪೂರ್ತಿ ಕೋಟೆಯ ಕಥೆ 1992ರ ಆರ್ಮಿ ಆಫ್ ಡಾರ್ಕ್‌ನೆಸ್‌ನಲ್ಲಿ ಬಂತು. ಅಲ್ಲೂ ಹಿಂದಿನ ಕಥೆಯನ್ನು ಮತ್ತೆ ಚಿತ್ರಿಸಿದರು, ಮೂರನೆಯ ಲಿಂಡಾ ಆಗಿ ಬ್ರಿಜೆಟ್ ಫೋಂಡಾ.

ಗವಿಪುರದ_ಪ್ರೇಕ್ಷಕ
ಮೂರು ಚಿತ್ರಕ್ಕೆ ಮೂರು ಲಿಂಡಾ! ಸರಿ, ಮೊದಲ ಪ್ರಶ್ನೆ ಇತ್ಯರ್ಥ ಆಯ್ತು ಅನ್ಕೋತೀನಿ. ರಕ್ತ?

ಜಯನಗರ_4ನೇ_ಬ್ಲಾಕ್
ಇತ್ಯರ್ಥ ಏನೂ ಆಗಿಲ್ಲ.

ಮೇಕಪ್_ಮಂಜು
ರಕ್ತದ ಬಣ್ಣಕ್ಕೆ ಕಾರಣ ರೇಟಿಂಗ್. ಆಗ ಅಮೆರಿಕದಲ್ಲಿ ಆರ್ ರೇಟಿಂಗ್ (ಚಿಕ್ಕವರು ದೊಡ್ಡವರ ಜೊತೆ ಬಂದ್ರೆ ನೋಡಬಹುದು) ಸಿಗದಿದ್ರೆ ಎಕ್ಸ್ (ದೊಡ್ಡವರಿಗೆ ಮಾತ್ರ). ಎಕ್ಸ್ ಅಂದ್ರೆ ಜನ ನೀಲಿಚಿತ್ರ ಅನ್ಕೊಳ್ಳೋ ಕಾಲ. ಅದರ ಬದಲಿಗೆ ಎನ್‌ಸಿ-17 ಬಂದಿದ್ದೇ 1990ರಲ್ಲಿ. ಮನುಷ್ಯರ ರಕ್ತ ಕೆಂಪಗೆ ನದಿಯಾಗಿ ಹರಿದ್ರೆ ಎಕ್ಸ್ ಖಚಿತ. ದೆವ್ವದ ಮೈಯಿಂದ ಬರೋದು ಹಸಿರೋ ಕಪ್ಪೋ ಆದ್ರೆ ರಕ್ತ ಅನ್ನೋ ಆರೋಪ ಕಡಿಮೆ ಆಗ್ಬಹುದು ಅನ್ನೋ ಲೆಕ್ಕ.

ಆದ್ರೂ ಆ ಲೆಕ್ಕ ಫಲಿಸಲಿಲ್ಲ, ಆರ್ ಸಿಗೋ ಹಾಗಿರಲಿಲ್ಲ. ಡಿ ಲಾರೆಂಟಿಸ್ ಕಂಪನಿ ಅಲ್ಲಿನ ನಿರ್ಮಾಪಕರ ಸಂಘದ ಸದಸ್ಯ, ಸದಸ್ಯರು ರೇಟಿಂಗ್ ಇಲ್ಲದ ಚಿತ್ರ ಬಿಡುಗಡೆ ಮಾಡೋ ಹಾಗಿಲ್ಲ. ಅದಕ್ಕೇ ರೋಸ್‌ಬಡ್ ರಿಲೀಸಿಂಗ್ ಅಂತ ಬೇರೆ ಹೆಸರು ಹುಟ್ಟುಹಾಕಿ ಆ ಹೆಸರಲ್ಲಿ ರೇಟಿಂಗ್ ಇಲ್ಲದೆ ಬಿಟ್ರು. ಚಿತ್ರದ ಶುರುವಿಗೆ ಗುಲಾಬಿ ಅರಳೋ ಲೋಗೋ ಬರುತ್ತಲ್ಲ, ಅದು ಆ ಕಂಪನಿದು.

ಹುಬ್ಬಳ್ಳಿ_ಮಂದಿ
ನಮ್ಮಲ್ಲಿ ಹಂಗ ಮಾಡಾಕ ಬರೂದಿಲ್ಲ ನೋಡ್ರಿ. ಸೆನ್ಸಾರ್ ಸರ್ಟಿಫಿಕೇಟ್ ಇಲ್ಲಂದ್ರ ಥೇಟರಿನಾಗ ಹಾಕಾಕ ಸಾಧ್ಯನ ಇಲ್ಲ, 1952ರ ಕಾಯ್ದೆ ಅದ. ಅಮೆರಿಕದಾಗ ರೇಟಿಂಗ್ ಕಾನೂನಲ್ಲ, ಉದ್ಯಮದವರು ತಾವ ಮಾಡಿಕೊಂಡ ಕಟ್ಟಳೆ. ಅದಕ್ಕ ಆ ಸಂದು ಸಿಕ್ತು ಅವರಿಗೆ.

ಫೋಕಸ್_ಪುಲ್ಲರ್
ಹೌದು, ಆದ್ರೆ ಸಂದು ಸಿಕ್ಕಿದ್ದಕ್ಕೆ ಬೆಲೆ ತೆತ್ತರು. ರೇಟಿಂಗ್ ಇಲ್ಲದ ಚಿತ್ರ ಅಂದ್ರೆ ಎಷ್ಟೋ ಥಿಯೇಟರ್ ಸರಣಿಗಳು ಹಾಕಲ್ಲ, ಎಷ್ಟೋ ಪತ್ರಿಕೆಗಳು ಜಾಹೀರಾತು ತಗೊಳ್ಳಲ್ಲ. ಸುಮಾರು 35 ಲಕ್ಷ ಡಾಲರ್ ಖರ್ಚಿನ ಚಿತ್ರ ಅಮೆರಿಕದಲ್ಲಿ 59 ಲಕ್ಷದ ಹತ್ತಿರ ಗಳಿಸ್ತು. ಅದು ಟಿಕೆಟ್ ಮಾರಿದ ಒಟ್ಟು ಮೊತ್ತ. ಥಿಯೇಟರ್ ಪಾಲು, ಪ್ರಿಂಟ್, ಪ್ರಚಾರ ಕಳೆದ್ರೆ ಉಳಿಯೋದು ಅಷ್ಟಕ್ಕಷ್ಟೆ. ಈಗಿರೋ ಹೆಸರು ವಿಡಿಯೊ ಕ್ಯಾಸೆಟ್‌ನಿಂದ ಬಂದಿದ್ದು.

ವೈಟ್‌ಫೀಲ್ಡ್_ಬಸ್
ಅಂದ್ರೆ ಆಗ ವಿಮರ್ಶಕರು ಬೈದಿದ್ರು, ಆಮೇಲೆ ಕಲ್ಟ್ ಆಯ್ತು. ಎಲ್ಲ ಹಾರರ್ ಚಿತ್ರದ ಹಣೆಬರಹ ಇಷ್ಟೇ.

ರೀಲ್_ರಂಗಣ್ಣ
ಈ ಚಿತ್ರದ ಮಟ್ಟಿಗೆ ಆ ಮಾತು ತಪ್ಪು. ಅಮೆರಿಕದ ವಿಮರ್ಶಕ ರೋಜರ್ ಎಬರ್ಟ್ ಬಿಡುಗಡೆಯಾದಾಗಲೇ ನಾಲ್ಕಕ್ಕೆ ಮೂರು ಸ್ಟಾರ್ ಕೊಟ್ಟಿದ್ದರು. ರಕ್ತದ ವೇಷ ತೊಟ್ಟ ಹಾಸ್ಯಚಿತ್ರ ಇದು ಅನ್ನುವುದೇ ಅವರ ವಾದ. ಅದನ್ನು ಹಿಡಿದವರು ಮೆಚ್ಚಿದರು, ಭಯವನ್ನಷ್ಟೇ ಹುಡುಕಿಕೊಂಡು ಹೋದವರು ಸಿಡುಕಿದರು. ಮೊದಲ ಚಿತ್ರಕ್ಕೂ ವಿಮರ್ಶೆಯೇ ಕೈಹಿಡಿದದ್ದು: 1982ರಲ್ಲಿ ಹಾರರ್ ಕಾದಂಬರಿಕಾರ ಸ್ಟೀಫನ್ ಕಿಂಗ್ ಟ್ವೈಲೈಟ್ ಜೋನ್ ಪತ್ರಿಕೆಯಲ್ಲಿ ಹೊಗಳಿ ಬರೆದ ಮೇಲೆ ವಿತರಕರು ತಿರುಗಿ ನೋಡಿದರು.

ಎರಡನೆಯದರ ಹಣವೂ ಕಿಂಗ್ ಕೃಪೆ. ರೈಮಿಯ ಕ್ರೈಮ್‌ವೇವ್ 1985ರಲ್ಲಿ ನೆಲಕಚ್ಚಿತ್ತು, ಮುಂದಿನ ಚಿತ್ರಕ್ಕೆ ಹಣ ಹುಟ್ಟುತ್ತಿರಲಿಲ್ಲ. ಕಿಂಗ್ ಆಗ ನಾರ್ತ್ ಕ್ಯಾರೊಲೈನಾದಲ್ಲಿ ಡಿ ಲಾರೆಂಟಿಸ್‌ಗಾಗಿ ಮ್ಯಾಕ್ಸಿಮಮ್ ಓವರ್‌ಡ್ರೈವ್ ನಿರ್ದೇಶಿಸುತ್ತಿದ್ದರು. ಈ ಹುಡುಗರ ಪರದಾಟ ಊಟದ ಮೇಜಿನಲ್ಲಿ ಅವರ ಕಿವಿಗೆ ಬಿತ್ತು, ಅವರು ಡಿ ಲಾರೆಂಟಿಸ್‌ಗೆ ಫೋನ್ ಮಾಡಿದರು.

ವೈಟ್‌ಫೀಲ್ಡ್_ಬಸ್
ಒಪ್ಪಿದೆ ಸಾರ್. ಆದ್ರೂ ಭಯದ ಲೆಕ್ಕದಲ್ಲಿ ಮೊದಲನೇದೇ ಮೇಲು. ಎರಡನೇದ್ರಲ್ಲಿ ಯಾವಾಗ ನಗಬೇಕು ಅಂತ ಚಿತ್ರವೇ ಹೇಳಿಕೊಡುತ್ತೆ, ಹೆದರೋಕೆ ಜಾಗ ಇಲ್ಲ.

ಶಬ್ದಮಣಿ
ನಗುವ ಕೋಣೆ ದೃಶ್ಯ ಹೆಡ್‌ಫೋನ್ ಹಾಕ್ಕೊಂಡು ಇನ್ನೊಂದ್ಸಲ ಕೇಳಿ. ಗೋಡೆ ಮೇಲಿನ ಜಿಂಕೆ ತಲೆ ತಿರುಗಿ ನಗುತ್ತೆ, ಆಮೇಲೆ ದೀಪ, ಪುಸ್ತಕ, ಬೀರು, ಒಂದೊಂದಾಗಿ ಸೇರ್ಕೊಳ್ಳುತ್ತೆ, ಕೊನೆಗೆ ಆಶ್. ಮೊದಲು ನಿಮಗೂ ನಗು ಬರುತ್ತೆ. ನಿಲ್ಲಬೇಕಾದ ಜಾಗದಲ್ಲಿ ಅದು ನಿಲ್ಲಲ್ಲ. ಆಶ್ ನಗು ಅಳುವಾಗೋ ಹೊತ್ತಿಗೆ ನೋಡೋರ ನಗು ಒಣಗಿರುತ್ತೆ. ಆಮೇಲೆ ಬಾಗಿಲ ಹತ್ರ ಸದ್ದು, ಗುಂಡು, ನಿಶ್ಶಬ್ದ. ಭಯ ಎಲ್ಲಿ ಅಂತ ಕೇಳೋರಿಗೆ ನನ್ನ ಉತ್ತರ ಆ ನಿಮಿಷ.

ಆ ಐಡಿಯಾ ಹುಟ್ಟಿದ್ದು ಒಂದು ಬಗ್ಗೋ ಕತ್ತಿನ ಟೇಬಲ್ ಲ್ಯಾಂಪಿಂದ. ಜೊತೆಗೆ ಚಿತ್ರಕಥೆ ಬರೆದ ಸ್ಕಾಟ್ ಸ್ಪೀಗಲ್ ಆ ಲ್ಯಾಂಪ್ ಹಿಡಿದು ಅಲ್ಲಾಡಿಸ್ತಾ ನಗೋ ದನಿ ಮಾಡಿದ್ರು, ರೈಮಿ ಅದನ್ನೇ ಒಂದು ಕೋಣೆಗೆ ಹಿಗ್ಗಿಸಿದ್ರು.

ಇಂಥದ್ದು ಮಾಡೋರಿಗೆ ಒಂದು ಮಾತು: ಹತ್ತು ಜನರನ್ನ ಒಟ್ಟಿಗೆ ನಿಲ್ಲಿಸಿ ನಗು ರೆಕಾರ್ಡ್ ಮಾಡಬೇಡಿ. ಎಲ್ಲರೂ ಒಂದೇ ಲಯಕ್ಕೆ ಬಿದ್ದುಬಿಡ್ತಾರೆ, ಮಿಕ್ಸ್‌ನಲ್ಲಿ ಬಿಡಿಸೋಕಾಗಲ್ಲ. ಒಬ್ಬೊಬ್ಬರನ್ನ ಬೇರೆಬೇರೆಯಾಗಿ, ಮೈಕಿಂದ ಒಂದಡಿ ಮತ್ತು ಆರಡಿ ದೂರದಲ್ಲಿ ಎರಡೆರಡು ಸಲ ತಗೊಳ್ಳಿ. ಮರದ ಕಿರುಗುಟ್ಟುವಿಕೆಯನ್ನ ನಗುವಿನ ಲಯಕ್ಕೆ ಕತ್ತರಿಸಿ ಕೂರಿಸಿದ್ರೆ ಬೀರು ನಗುತ್ತೆ. ಮನುಷ್ಯರ ದನಿಯನ್ನ ಬರೀ ಪಿಚ್ ಇಳಿಸಿ ಬೀರಿಗೆ ಹಾಕಿದ್ರೆ ಕಾರ್ಟೂನ್ ಆಗುತ್ತೆ.

ಜಯನಗರ_4ನೇ_ಬ್ಲಾಕ್
ಇದನ್ನ ಒಪ್ಪಲೇಬೇಕು. ಆ ದೃಶ್ಯ ಮೊದಲನೇದ್ರಲ್ಲಿ ಇರೋಕೆ ಸಾಧ್ಯವೇ ಇರ್ಲಿಲ್ಲ.

ಗವಿಪುರದ_ಪ್ರೇಕ್ಷಕ
ತೆರೆಮರೆ ಕಥೆಗಳು ಇನ್ನೂ ಇದ್ರೆ ಹಾಕಿ. ಕನ್ನಡಿಯೊಳಗೆ ಕೈ ನೀರಲ್ಲಿ ಮುಳುಗಿದ ಹಾಗೆ ಹೋಗುತ್ತಲ್ಲ, ಅದು ಹೇಗೆ ಮಾಡಿದ್ರು?

ಫೋಕಸ್_ಪುಲ್ಲರ್
ಅದು ಮೊದಲ ಚಿತ್ರದ್ದು. ಟ್ರೇನಲ್ಲಿ ನೀರು ನೆಲಕ್ಕೆ ಸಮವಾಗಿ ಇರುತ್ತೆ, ಕ್ಯಾಮೆರಾ 90 ಡಿಗ್ರಿ ತಿರುಗಿಸ್ತಾರೆ, ಕೈ ಮೇಲಿಂದ ಇಳಿಯುತ್ತೆ, ಪರದೆ ಮೇಲೆ ಗೋಡೆಯ ಕನ್ನಡಿ ಥರ ಕಾಣುತ್ತೆ. ಎರಡನೇದ್ರ ಕನ್ನಡಿ ದೃಶ್ಯದಲ್ಲಿ ಬಿಂಬವೇ ಹೊರಗೆ ನುಗ್ಗಿ ಆಶ್ ಕುತ್ತಿಗೆ ಹಿಡಿಯುತ್ತೆ. ಅಂಥ ಶಾಟ್‌ಗೆ ಗಾಜು ಇಡೋ ಹಾಗಿಲ್ಲ: ಖಾಲಿ ಚೌಕಟ್ಟು, ಆಚೆ ಬದಿಗೆ ತಿರುವುಮುರುವಾದ ಇನ್ನೊಂದು ಕೋಣೆ, ಆ ಕಡೆ ನಟ, ಈ ಕಡೆ ಬೆನ್ನು ತೋರಿಸಿ ನಿಂತ ಡೂಪ್. ಎಡವೋದು ಸಣ್ಣ ವಿಷಯದಲ್ಲಿ. ಶರ್ಟಿನ ಗುಂಡಿ ಪಟ್ಟಿ, ಕೂದಲ ಬೈತಲೆ, ಗಾಯದ ಮೇಕಪ್ ಎಲ್ಲವೂ ಆ ಕಡೆಯೋನಿಗೆ ಉಲ್ಟಾ ಇರಬೇಕು.

ಮೇಕಪ್_ಮಂಜು
ನನಗೆ ಇಡೀ ಚಿತ್ರದಲ್ಲಿ ಅತಿ ಹೆಚ್ಚು ಇಷ್ಟ ಹೆನ್ರಿಯೆಟಾ. ಮನುಷ್ಯಳಾಗಿದ್ದಾಗ ನಟಿ ಲೂ ಹ್ಯಾನ್‌ಕಾಕ್, ದೆವ್ವ ಆದ್ಮೇಲೆ ಒಳಗಿರೋದು ನಿರ್ದೇಶಕರ ತಮ್ಮ ಟೆಡ್ ರೈಮಿ. ಮೇಕಪ್ ಮಾರ್ಕ್ ಶೋಸ್ಟ್ರಮ್ ತಂಡದ್ದು. ತಲೆಯಿಂದ ಕಾಲಿನ ತನಕ ಫೋಮ್ ಲೇಟೆಕ್ಸ್ (ಸ್ಪಂಜಿನಂಥ ಮೆತ್ತನೆ ರಬ್ಬರ್) ಸೂಟ್. ಡಿ ಲಾರೆಂಟಿಸ್ ಸ್ಟುಡಿಯೊ ಇದ್ದ ವಿಲ್ಮಿಂಗ್ಟನ್ ಬಿಟ್ಟು ಅವರು ವೇಡ್ಸ್‌ಬರೋ ಅನ್ನೋ ಸಣ್ಣ ಊರಿಗೆ ಹೋಗಿ, ಒಂದು ಶಾಲೆಯ ಜಿಮ್ನೇಷಿಯಂ ಒಳಗೆ ಕಾಡುಮನೆ ಕಟ್ಟಿದ್ರು. ಬೇಸಿಗೆ, ಮೇಲಿಂದ ಲೈಟುಗಳ ಕಾವು. ಆ್ಯನಿ ತಲೆ ಮೇಲೆ ಹೆನ್ರಿಯೆಟಾ ಗಿರಗಿರ ಸುತ್ತೋ ಶಾಟ್‌ನಲ್ಲಿ ಸೂಟಿನ ಕಿವಿಯಿಂದ ನೀರು ಸುರಿಯುತ್ತೆ. ಅದು ಎಫೆಕ್ಟ್ ಅಲ್ಲ, ಟೆಡ್ ಬೆವರು. ಫ್ರೇಮ್ ನಿಲ್ಲಿಸಿ ನೋಡಿ, ಸ್ಪಷ್ಟವಾಗಿದೆ.

ಫೋಮ್ ಲೇಟೆಕ್ಸ್ ಬೆವರು ಆವಿಯಾಗೋಕೆ ಬಿಡಲ್ಲ. ಅದು ಒಳಗೇ ಇಳಿದು ಎಲ್ಲಿ ತೂತು ಇದೆಯೋ ಅಲ್ಲಿಂದ ಬರುತ್ತೆ. ಅದಕ್ಕಿಂತ ಮೊದಲು ಅಂಚಿನ ಅಂಟು ಬಿಡಿಸುತ್ತೆ, ಮೊದಲು ಬಿಡೋದು ತುಟಿ ಮತ್ತು ಕಣ್ಣಿನ ಸುತ್ತ. ಪೂರ್ತಿ ಸೂಟ್ ಹಾಕೋ ನಟರಿಗೆ ಗಂಟೆಗೊಮ್ಮೆ ತಲೆ ಭಾಗ ತೆಗೆದು ಫ್ಯಾನ್ ಹತ್ರ ಕೂರಿಸಬೇಕು, ಉಪ್ಪು-ಸಕ್ಕರೆ ನೀರು ಕುಡಿಸಬೇಕು. ತಲೆ ಸುತ್ತುತ್ತೆ ಅಂದ್ರೆ ಆ ದಿನದ ಶಾಟ್ ಮುಗೀತು ಅಂತಲೇ ತಿಳೀಬೇಕು.

ಆ ತಂಡದಲ್ಲಿದ್ದ ಮೂವರು ಹುಡುಗರು ರಾಬರ್ಟ್ ಕರ್ಟ್ಜ್‌ಮನ್, ಗ್ರೆಗ್ ನಿಕೊಟೆರೊ, ಹೊವಾರ್ಡ್ ಬರ್ಗರ್. ಮರುವರ್ಷ, 1988ರಲ್ಲಿ, ಮೂವರ ಹೆಸರಿನ ಮೊದಲಕ್ಷರ ಸೇರಿಸಿ ಕೆಎನ್‌ಬಿ ಶುರು ಮಾಡಿದ್ರು. ವಾಕಿಂಗ್ ಡೆಡ್ ಸರಣಿಯ ಹೆಣಗಳೆಲ್ಲ ಆ ಮನೆಯವೇ. ಸೆಟ್ಟಲ್ಲಿ ನಿಕೊಟೆರೊ ಕ್ಯಾಮ್‌ಕಾರ್ಡರ್ ಹಿಡಿದು ಸುತ್ತಾಡಿದ್ರಿಂದ ಆ ಜಿಮ್ ಒಳಗೆ ಏನೇನಾಯ್ತು ಅಂತ ನಾವಿವತ್ತೂ ನೋಡಬಹುದು.

ವೈಟ್‌ಫೀಲ್ಡ್_ಬಸ್
ಸಣ್ಣ ಸಣ್ಣ ಕೀಟಲೆಗಳೂ ಇವೆ. ಕತ್ತರಿಸಿದ ಕೈ ಮೇಲೆ ಬಕೆಟ್ ಬೋರಲು ಹಾಕಿ, ಅದರ ಮೇಲೆ ಭಾರಕ್ಕೆ ಪುಸ್ತಕಗಳನ್ನ ಇಡ್ತಾನೆ. ಮೇಲಿರೋ ಪುಸ್ತಕ ಹೆಮಿಂಗ್ವೇ ಅವರ ಎ ಫೇರ್‌ವೆಲ್ ಟು ಆರ್ಮ್ಸ್ (ಆರ್ಮ್ಸ್ ಅಂದ್ರೆ ಶಸ್ತ್ರವೂ ಹೌದು, ತೋಳೂ ಹೌದು). ಮತ್ತೆ ಉಪಕರಣದ ಶೆಡ್ ಬಾಗಿಲ ಮೇಲೆ ನೈಟ್‌ಮೇರ್ ಆನ್ ಎಲ್ಮ್ ಸ್ಟ್ರೀಟ್ ಚಿತ್ರದ ಕೊಲೆಗಾರ ಫ್ರೆಡ್ಡಿ ಕ್ರೂಗರ್ ಕೈಗವಸು ನೇತಾಡ್ತಿರುತ್ತೆ.

ರೀಲ್_ರಂಗಣ್ಣ
ಆ ಕೈಗವಸಿಗೆ ಹತ್ತು ವರ್ಷದ ಹಿನ್ನೆಲೆ ಇದೆ. 1977ರಲ್ಲಿ ವೆಸ್ ಕ್ರೇವನ್ ತಮ್ಮ ದಿ ಹಿಲ್ಸ್ ಹ್ಯಾವ್ ಐಸ್‌ನಲ್ಲಿ ಹರಿದ ಜಾಸ್ ಪೋಸ್ಟರ್ ಇಟ್ಟರು. ರೈಮಿ ಮೊದಲ ಇವಿಲ್ ಡೆಡ್‌ನ ನೆಲಮಾಳಿಗೆಯಲ್ಲಿ ಹರಿದ ಹಿಲ್ಸ್ ಹ್ಯಾವ್ ಐಸ್ ಪೋಸ್ಟರ್ ಹಚ್ಚಿದರು. ಕ್ರೇವನ್ 1984ರ ನೈಟ್‌ಮೇರ್ ಆನ್ ಎಲ್ಮ್ ಸ್ಟ್ರೀಟ್‌ನಲ್ಲಿ ನಾಯಕಿ ನಿದ್ದೆ ತಡೆಯಲು ಟೀವಿಯಲ್ಲಿ ಇವಿಲ್ ಡೆಡ್ ನೋಡುವಂತೆ ಮಾಡಿದರು. ಕೈಗವಸು ಅದಕ್ಕೆ ಮರುಜವಾಬು.

ಹುಬ್ಬಳ್ಳಿ_ಮಂದಿ
ಕಾರನ್ನ ಯಾರೂ ಹೇಳಲಿಲ್ಲಲ್ರಿ! ಆ ಹಳದಿ ಓಲ್ಡ್ಸ್‌ಮೊಬೈಲ್, 1973ರ ಡೆಲ್ಟಾ 88, ರೈಮಿ ಅವರ ಸ್ವಂತದ್ದು. ಅವರ ಬಹುತೇಕ ಎಲ್ಲಾ ಸಿನಿಮಾದಾಗ ಬರ್ತದ. ಸ್ಪೈಡರ್‌ಮ್ಯಾನ್‌ನಾಗ ಬೆನ್ ಅಂಕಲ್ ಓಡಸೂದು ಅದ ಗಾಡಿ.

ಮತ್ತ ಸೀಕ್ವೆಲ್ ಅಂದ್ರ ನಮ್ಮ ಆಪ್ತರಕ್ಷಕನ ಮಾತು ಬರಬೇಕಲ್ಲ? ಅದೂ ಹಾರರ್ ಸೀಕ್ವೆಲ್ಲ.

ಜಯನಗರ_4ನೇ_ಬ್ಲಾಕ್
ಆಪ್ತರಕ್ಷಕ ತಂದ್ರೆ ನನ್ನ ವಾದ ಇನ್ನೂ ಗಟ್ಟಿ ಆಗುತ್ತೆ. ಅದರಲ್ಲೂ ನಾಗವಲ್ಲಿ, ಡಾಕ್ಟರ್ ವಿಜಯ್, ಆಚಾರ್ಯರು. ಮನೆ ಬದಲಾಯ್ತು, ಅಷ್ಟೆ.

ರೀಲ್_ರಂಗಣ್ಣ
ಅಲ್ಲಿ ಹಕ್ಕಿನ ತಕರಾರು ಇರಲಿಲ್ಲ, ಕಥೆ ಹೇಗೆ ಮುಂದುವರಿಸುವುದು ಅನ್ನುವ ಕಷ್ಟವಿತ್ತು. 2004ರ ಆಪ್ತಮಿತ್ರಕ್ಕೆ ಮೂಲ 1993ರ ಮಲಯಾಳದ ಮಣಿಚಿತ್ರತಾಳ್. ಅದರ ಬೆರಗು ಇರುವುದೇ ದೆವ್ವವಿಲ್ಲ, ಇರುವುದು ಗಂಗಾಳ ಮನಸ್ಸಿನ ಕಾಯಿಲೆ ಎನ್ನುವುದರಲ್ಲಿ. ಆ ಗುಟ್ಟು ಒಮ್ಮೆ ಬಿಟ್ಟುಕೊಟ್ಟ ಮೇಲೆ ಎರಡನೇ ಸಲ ಪ್ರೇಕ್ಷಕ ಮೊದಲ ರೀಲಿನಿಂದಲೇ ಯಾರಿಗೆ ಕಾಯಿಲೆ ಎಂದು ಹುಡುಕುತ್ತಾನೆ. ಪಿ. ವಾಸು ಅದಕ್ಕೆ ನಾಗವಲ್ಲಿಯ ಚಿತ್ರಪಟವನ್ನು ಇನ್ನೊಂದು ಮನೆಗೆ ಸಾಗಿಸಿ, ಅನುಮಾನ ಬೀಳುವ ಹೆಣ್ಣುಗಳ ಸಂಖ್ಯೆ ಹೆಚ್ಚಿಸಿ, ರಾಜ ವಿಜಯ ರಾಜೇಂದ್ರ ಬಹದ್ದೂರನ ಕಥೆಯನ್ನು ಹಿಗ್ಗಿಸಿದರು. ವೈದ್ಯ ಮತ್ತು ರಾಜ ಎರಡೂ ವಿಷ್ಣುವರ್ಧನ್. ಗುಟ್ಟಿನ ಜಾಗವನ್ನು ನಟ ತುಂಬಿಕೊಟ್ಟರು.

ವಿಮರ್ಶೆಯ ವಿಷಯದಲ್ಲಿ ಆ ಚಿತ್ರವನ್ನು ಬೇರೆ ಚಿತ್ರಗಳ ಸಾಲಿನಲ್ಲಿಟ್ಟು ತೂಗುವುದು ಕಷ್ಟ. ವಿಷ್ಣುವರ್ಧನ್ ತೀರಿಕೊಂಡದ್ದು 2009ರ ಡಿಸೆಂಬರ್ 30, ಚಿತ್ರ ಬಂದದ್ದು 2010ರ ಫೆಬ್ರವರಿ 19. ಜನ ಅವರನ್ನು ಕೊನೆಯ ಸಲ ನೋಡಲು ಹೋದರು. ಆಪ್ತಮಿತ್ರದ ಸಮಯದಲ್ಲಿ ಸೌಂದರ್ಯ ಅವರಿಗೂ ಹಾಗೇ ಆಗಿತ್ತು, ಏಪ್ರಿಲ್‌ನಲ್ಲಿ ಅವರು ಹೋದರು, ಆಗಸ್ಟ್‌ನಲ್ಲಿ ಚಿತ್ರ ಬಂತು.

ಹುಬ್ಬಳ್ಳಿ_ಮಂದಿ
ಖರೆ ಅದ ಸಾರ್. ಅದನ್ನ ತೆಲುಗಿನಾಗ ನಾಗವಲ್ಲಿ ಅಂತ ಅದ ವರ್ಷ ವಾಸು ಅವರ ಮಾಡಿದ್ರು, ವೆಂಕಟೇಶ್ ಹೀರೊ. ಇಲ್ಲಿ ಹಿಡಿದಷ್ಟು ಅಲ್ಲಿ ಹಿಡೀಲಿಲ್ಲ.

ನಿರ್ವಾಹಕ
ಆಪ್ತರಕ್ಷಕಕ್ಕೆ ಬೇರೆ ಎಳೆ ತೆರೆಯಿರಿ, ಅಲ್ಲಿ ವಿವರವಾಗಿ ಮಾತಾಡೋಣ. ಇಲ್ಲಿ ರಕ್ತಕ್ಕೆ ವಾಪಸ್ ಬನ್ನಿ.

ಆರ್‌ಟಿನಗರ_ಕಿರುಚಿತ್ರ
ರಕ್ತಕ್ಕೇ ಬಂದೆ. ನಮ್ಮ ಕಾಲೇಜಿನ ತಂಡಕ್ಕೆ ಒಂದು ಹಾರರ್ ಕಿರುಚಿತ್ರ ಇದೆ. ಇವಿಲ್ ಡೆಡ್ ರಕ್ತಕ್ಕೆ ಕಾರ್ನ್ ಸಿರಪ್ ಅಂತ ಎಲ್ಲ ಕಡೆ ಬರೆದಿರ್ತಾರೆ. ಬೆಂಗಳೂರಲ್ಲಿ ಅದರ ಬದಲು ಏನು ಬಳಸಬಹುದು?

ಹುಬ್ಬಳ್ಳಿ_ಮಂದಿ
ಓಕುಳಿ ನೀರು ಮಾಡ್ರಿ. ಅರಿಷಿಣ, ಸುಣ್ಣ. ಖರ್ಚ ಇಲ್ಲ, ಕೆಂಪಗ ಛಲೋ ಬರ್ತದ.

ಮೇಕಪ್_ಮಂಜು
ನೆಲಕ್ಕೆ, ಗೋಡೆಗೆ, ದೂರದ ಶಾಟ್‌ಗೆ ಆಗಬಹುದು ಅಣ್ಣ, ಮೈಮೇಲೆ ಬೇಡ. ಸುಣ್ಣ ಕಣ್ಣಿಗೆ ಹಾರಿದ್ರೆ ಸುಡುತ್ತೆ, ಬಾಯಿಗಂತೂ ಹಾಕೋ ಹಾಗೇ ಇಲ್ಲ. ಇನ್ನೊಂದು ತೊಂದರೆ, ಆ ಕೆಂಪು ನಿಲ್ಲೋದು ಸುಣ್ಣದ ಕ್ಷಾರ ಇರೋವರೆಗೆ ಮಾತ್ರ. ನಿಂಬೆರಸ ತಾಗಿದ್ರೆ ಮತ್ತೆ ಹಳದಿ. ಬಟ್ಟೆಗೆ ಬಿದ್ದ ಅರಿಶಿನ ಹೋಗಲ್ಲ, ಸೋಪು ಹಾಕಿ ತೊಳೆದಾಗ ಇನ್ನೂ ಕೆಂಪಾಗುತ್ತೆ.

ಆರ್‌ಟಿನಗರದವರೇ, ಕಾರ್ನ್ ಸಿರಪ್ ಬದಲು ಲಿಕ್ವಿಡ್ ಗ್ಲೂಕೋಸ್ ತಗೊಳ್ಳಿ. ಬೇಕರಿ ಸಾಮಾನು ಮಾರೋ ಅಂಗಡಿಗಳಲ್ಲಿ ಕೆಜಿ ಡಬ್ಬದಲ್ಲಿ ಸಿಗುತ್ತೆ, ಕೇಕ್ ಮಾಡೋರು ಬಳಸೋದೇ. ಡಬ್ಬದಿಂದ ಹಾಗೇ ತೆಗೆದ್ರೆ ಅಂಟಿನ ಉಂಡೆ. ಒಂದು ಕೆಜಿಗೆ 200ರಿಂದ 250 ಎಂಎಲ್ ಬಿಸಿನೀರು ಸ್ವಲ್ಪಸ್ವಲ್ಪವೇ ಹಾಕಿ ಕಲಸಿ. ಕೆಂಪು ಫುಡ್ ಕಲರ್ 15 ಎಂಎಲ್‌ನಿಂದ ಶುರು ಮಾಡಿ, ಅದೊಂದೇ ಹಾಕಿದ್ರೆ ರಸ್ನಾ ಬಣ್ಣ. ನೀಲಿ ಎರಡು ಹನಿ ಬಿಟ್ರೆ ಗಾಢ ಆಗುತ್ತೆ, ಮೂರನೇ ಹನಿಗೆ ನೇರಳೆ ಕಡೆ ಜಾರಬಹುದು, ನಿಧಾನ. ಆಮೇಲೆ ಅಪಾರದರ್ಶಕ ಆಗಬೇಕು, ಇಲ್ಲಾಂದ್ರೆ ಚರ್ಮದ ಮೇಲೆ ಗಾಜಿನ ಥರ ಕಾಣುತ್ತೆ. ಮೊದಲ ಇವಿಲ್ ಡೆಡ್‌ನವರು ಅದಕ್ಕೆ ಕಾಫಿಗೆ ಹಾಲಿನ ಬದಲು ಹಾಕೋ ಕ್ರೀಮರ್ ಪುಡಿ ಹಾಕಿದ್ರು. ನೀವು ಇನ್‌ಸ್ಟಂಟ್ ಕಾಫಿ ಒಂದು ಚಮಚ ಹಾಕಬಹುದು, ಮೊದಲು ಬಿಸಿನೀರಲ್ಲಿ ಕರಗಿಸಿ. ಫಿಲ್ಟರ್ ಕಾಫಿ ಪುಡಿ ಹಾಕಬೇಡಿ, ಅದು ಕರಗಲ್ಲ, ಚರಟ ಮುಖದ ಮೇಲೆ ಕಾಣುತ್ತೆ. ಕೋಕೋ ಪುಡಿಯೂ ಆಗುತ್ತೆ, ಜರಡಿ ಹಿಡಿದು ಹಾಕಿ.

ಬಾಯಿಗೆ ಹೋಗದ ರಕ್ತಕ್ಕೆ ಮಾತ್ರ ಪಾತ್ರೆ ತೊಳೆಯೋ ಲಿಕ್ವಿಡ್ ಅರ್ಧ ಚಮಚ ಸೇರಿಸಿ. ಚರ್ಮದ ಮೇಲೆ ಮಣಿಮಣಿಯಾಗಿ ನಿಲ್ಲದೆ ಹರಡುತ್ತೆ, ತೊಳೆಯೋದೂ ಸುಲಭ. ಬಾಯಿಯ ರಕ್ತ ಬೇರೆ ಬಾಟಲಿ, ಮೇಲೆ ಚೀಟಿ. ಇವೆರಡು ಅದಲುಬದಲಾಗಬಾರದು. ಕಾಸ್ಟ್ಯೂಮ್‌ನ ಒಳಮಡಿಕೆಯಲ್ಲಿ ಒಂದು ಹನಿ ಹಾಕಿ ಅರ್ಧ ಗಂಟೆ ಬಿಟ್ಟು ತೊಳೆದು ನೋಡಿ, ಬಿಳಿ ಹತ್ತಿ ಬಟ್ಟೆಯಿಂದ ಫುಡ್ ಕಲರ್ ಪೂರ್ತಿ ಹೋಗಲ್ಲ. ಒಂದೇ ಥರದ ಶರ್ಟ್ ಕನಿಷ್ಠ ಮೂರು ಇರಲಿ.

ಮತ್ತೆ ಇರುವೆ. ಸಕ್ಕರೆ ಪಾಕ ಇದು. ರಾತ್ರಿ ಸೆಟ್ ಹಾಗೇ ಬಿಟ್ರೆ ಬೆಳಿಗ್ಗೆ ಕಂಟಿನ್ಯುಟಿ ಇರಲ್ಲ, ಇರುವೆ ಸಾಲು ಇರುತ್ತೆ. ಒರೆಸಿ, ಫೋಟೊ ಇಟ್ಕೊಂಡು, ಮರುದಿನ ಹೊಸದಾಗಿ ಹಚ್ಚಿ.

ಆರ್‌ಟಿನಗರ_ಕಿರುಚಿತ್ರ
ತುಂಬಾ ಥ್ಯಾಂಕ್ಸ್ ಮಂಜಕ್ಕ. ಗೋಡೆಯಿಂದ ಉಕ್ಕೋ ಥರದ್ದು ಮಾಡಬಹುದಾ? ಇಪ್ಪತ್ತು ಲೀಟರ್ ಗ್ಲೂಕೋಸ್‌ಗೆ ದುಡ್ಡಿಲ್ಲ.

ಮೇಕಪ್_ಮಂಜು
ಉಕ್ಕೋದಕ್ಕೆ ಗ್ಲೂಕೋಸ್ ಬೇಡವೇ ಬೇಡ, ಪಂಪಿನೊಳಗೆ ಅಂಟಿ ಕೂರುತ್ತೆ. ನೀರು, ಬಣ್ಣ, ದಪ್ಪ ಬರಿಸೋಕೆ ಸಿಎಂಸಿ ಪುಡಿ, ಅದೂ ಬೇಕರಿ ಸಾಮಾನಿನ ಅಂಗಡಿಯಲ್ಲೇ ಕೇಳಿ. ಲೀಟರಿಗೆ 5 ಗ್ರಾಂನಿಂದ ಶುರು ಮಾಡಿ, ಬೇಕಾದ್ರೆ 10ರವರೆಗೆ ಹೋಗಿ. ನೀರನ್ನ ಜೋರಾಗಿ ತಿರುಗಿಸ್ತಾ ಪುಡಿ ಉದುರಿಸಬೇಕು, ಒಮ್ಮೆಲೇ ಸುರಿದ್ರೆ ರಾಗಿಮುದ್ದೆಯ ಗಂಟಿನ ಥರ ಒಳಗೆ ಒಣಗೇ ಉಳಿಯುತ್ತೆ. ಹಿಂದಿನ ರಾತ್ರಿ ಕಲಸಿಟ್ರೆ ಬೆಳಿಗ್ಗೆ ಹದವಾಗಿರುತ್ತೆ. ಕಾರ್ನ್‌ಫ್ಲೋರ್ ಕುದಿಸಿದ್ದೂ ನಡೆಯುತ್ತೆ, ಮರುದಿನಕ್ಕೆ ಹುಳಿ ವಾಸನೆ.

ಪಂಪ್ ಬಳಸೋದಕ್ಕಿಂತ, ಎತ್ತರದಲ್ಲಿ ಡ್ರಮ್ ಇಟ್ಟು ಅಗಲ ಬಾಯಿಂದ ಒಮ್ಮೆಲೇ ಬಿಡೋದು ನೋಡೋಕೂ ಚೆನ್ನ. ಆದ್ರೆ 50 ಲೀಟರ್ ಅಂದ್ರೆ 50 ಕೆಜಿ. ಅಟ್ಟಣಿಗೆಯನ್ನ ಹಿಂದಿನ ದಿನವೇ ಬರೀ ನೀರು ತುಂಬಿಸಿ ಪರೀಕ್ಷೆ ಮಾಡಿ. ನೆಲಕ್ಕೆ ಟಾರ್ಪಾಲು ಹಾಸಿ. ಸಿಎಂಸಿ ಬಿದ್ದ ನೆಲ ವಿಪರೀತ ಜಾರುತ್ತೆ, ನಟರಿಗೆ ಎಲ್ಲಿ ನಿಲ್ಲಬೇಕು ಅಂತ ಒರಟು ಚಾಪೆ ಕೂರಿಸಿ. ಲೈಟಿನ ವೈರ್, ಎಕ್ಸ್‌ಟೆನ್ಷನ್ ಬೋರ್ಡ್ ಒಂದೂ ನೆಲದ ಮೇಲೆ ಇರಬಾರದು, ಲೈನಿಗೆ ಆರ್‌ಸಿಸಿಬಿ (ಕರೆಂಟ್ ಸೋರಿದ್ರೆ ತಕ್ಷಣ ಲೈನ್ ಕಡಿಯೋ ಸ್ವಿಚ್) ಇಲ್ಲದ ಮನೇಲಿ ಈ ಶಾಟ್ ತೆಗೀಲೇಬೇಡಿ.

ಫೋಕಸ್_ಪುಲ್ಲರ್
ಮಂಜು ಮೇಡಂ ಹೇಳಿದ್ದಕ್ಕೆ ಕ್ಯಾಮೆರಾ ಕಡೆಯಿಂದ ಒಂದು ಸೇರಿಸ್ತೀನಿ. ಅಗ್ಗದ ಎಲ್‌ಇಡಿ ಬಲ್ಬ್ ಕೆಳಗೆ ಕೆಂಪು ಸರಿಯಾಗಿ ಬರಲ್ಲ, ಕಂದು ಕೆಸರಾಗಿ ಕಾಣುತ್ತೆ. ರಕ್ತ ಕಲಸುವಾಗಲೇ ಶೂಟಿಂಗ್ ಲೈಟ್ ಹಾಕಿ, ಅದೇ ಕ್ಯಾಮೆರಾದಲ್ಲಿ ನೋಡಿ ಹದ ಮಾಡಿ. ಟ್ಯೂಬ್‌ಲೈಟ್ ಕೆಳಗೆ ಕಣ್ಣಿಗೆ ಚೆನ್ನಾಗಿದ್ದದ್ದು ಪರದೆ ಮೇಲೆ ಬೇರೆಯೇ ಆಗಿರುತ್ತೆ.

ಆರ್‌ಟಿನಗರ_ಕಿರುಚಿತ್ರ
ಕಾಡಲ್ಲಿ ನುಗ್ಗಿ ಬರೋ ದೆವ್ವದ ಕಣ್ಣಿನ ಶಾಟ್ ಗಿಂಬಲ್ (ಕ್ಯಾಮೆರಾ ಅಲುಗಾಡದ ಹಾಗೆ ಹಿಡಿಯೋ ಸಾಧನ) ಇಟ್ಟು ಮಾಡಬಹುದಾ?

ಫೋಕಸ್_ಪುಲ್ಲರ್
ಮಾಡಬಹುದು, ಆದ್ರೆ ನುಣುಪಾಗುತ್ತೆ, ಡ್ರೋನ್ ಥರ. ಅವರು ಸ್ಟೆಡಿಕ್ಯಾಮ್‌ಗೆ ದುಡ್ಡಿಲ್ಲದೆ ಮೊದಲ ಚಿತ್ರದಲ್ಲೇ ಕಂಡುಕೊಂಡ ದಾರಿ ಮರದ ಹಲಗೆ: ನಡುವೆ ಕ್ಯಾಮೆರಾ ಬಿಗಿದು, ಎರಡು ತುದಿ ಇಬ್ಬರು ಹಿಡಿದು ಓಡೋದು. ಭಾರ ನಡುವಿಂದ ದೂರಕ್ಕೆ ಹಂಚಿರೋದ್ರಿಂದ ಕ್ಯಾಮೆರಾ ಪಟ್ಟಂತ ಹೊರಳಲ್ಲ, ಸಣ್ಣ ಅದುರು ಸಾಯುತ್ತೆ, ದೊಡ್ಡ ಏರಿಳಿತ ಉಳಿಯುತ್ತೆ. ಆ ಉಳಿದ ಏರಿಳಿತದಿಂದಲೇ ಯಾವುದೋ ಪ್ರಾಣಿ ಬರ್ತಿದೆ ಅನ್ಸೋದು. ಎರಡನೇದ್ರಲ್ಲಿ ಛಾಯಾಗ್ರಾಹಕ ಪೀಟರ್ ಡೆಮಿಂಗ್ ಜೊತೆ ಇದನ್ನ ಇನ್ನೂ ಮುಂದಕ್ಕೆ ತಗೊಂಡು ಹೋದ್ರು, ಬಾಗಿಲುಗಳನ್ನ ಒಡೆದು ನುಗ್ಗೋ ಹಾಗೆ. ಆಶ್ ಗಿರಗಿರ ತಿರುಗ್ತಾ ಕಾಡೊಳಗೆ ಹಾರೋ ಶಾಟ್‌ಗೆ ಆಶ್ ಪಾತ್ರಧಾರಿ ಬ್ರೂಸ್ ಕ್ಯಾಂಪ್‌ಬೆಲ್‌ರನ್ನೇ ತಿರುಗೋ ಚೌಕಟ್ಟಿಗೆ ಕಟ್ಟಿ ಓಡಿಸಿದ್ರು.

ನಿಮಗೆ ಆರರಿಂದ ಎಂಟಡಿ ಹಲಗೆ ಸಾಕು. ಬಾಗದಿರೋದು ಬೇಕು, ತೆಳು ಪ್ಲೈವುಡ್ ಸ್ಪ್ರಿಂಗ್ ಥರ ಕುಣಿಯುತ್ತೆ. ಲೆನ್ಸ್ ಅಗಲವಾದದ್ದು, ಫುಲ್ ಫ್ರೇಮ್‌ಗೆ 16 ಎಂಎಂ ಅಥವಾ ಅದಕ್ಕಿಂತ ಕಡಿಮೆ. ಉದ್ದ ಲೆನ್ಸ್ ಹಾಕಿದ್ರೆ ಅದುರು ಮಾತ್ರ ಕಾಣುತ್ತೆ, ವೇಗ ಕಾಣಲ್ಲ. ಕ್ಯಾಮೆರಾ ನೆಲದಿಂದ ಒಂದಡಿ ಎತ್ತರದಲ್ಲಿದ್ರೆ ಹುಲ್ಲು, ಎಲೆ ಪಕ್ಕದಿಂದ ಸರ್ ಅಂತ ಹೋಗಿ ವೇಗ ದುಪ್ಪಟ್ಟು ಅನ್ಸುತ್ತೆ. ಓಡೋರಿಬ್ಬರೂ ಒಂದೇ ಎತ್ತರ ಇರಲಿ, ಮೊಣಕೈ ಮಡಚಿರಲಿ, ಓಡೋ ದಾರಿಯ ಕಲ್ಲು-ಬೇರು ಮೊದಲೇ ತೆಗೆದಿರಲಿ. ಸೆಕೆಂಡಿಗೆ 18 ಫ್ರೇಮ್‌ನಲ್ಲಿ ತೆಗೆದು 24ರಲ್ಲಿ ಓಡಿಸಿ. ಕ್ಯಾಮೆರಾದಲ್ಲಿ 18 ಇಲ್ಲಾಂದ್ರೆ ಎಡಿಟಿಂಗ್‌ನಲ್ಲಿ ವೇಗವನ್ನ 100ರಿಂದ ಶೇಕಡಾ 130ರ ಹತ್ತಿರಕ್ಕೆ ಏರಿಸಿ, ಸಾಕಾಗುತ್ತೆ.

ಶಬ್ದಮಣಿ
ಆ ಶಾಟ್‌ಗೆ ಓಟದ ಹೆಜ್ಜೆ ಸದ್ದು ಒಂದೂ ಉಳಿಯಬಾರದು, ಲೊಕೇಷನ್ ಆಡಿಯೊ ಪೂರ್ತಿ ತೆಗೆದುಹಾಕಿ. ಹೆಜ್ಜೆ ಕೇಳಿದ್ರೆ ಬರ್ತಿರೋದು ಮನುಷ್ಯ.

ಆರ್‌ಟಿನಗರ_ಕಿರುಚಿತ್ರ
ಮೊಬೈಲ್ ಕ್ಯಾಮೆರಾ ಆದ್ರೆ?

ಫೋಕಸ್_ಪುಲ್ಲರ್
ಮೊಬೈಲ್ ಆದ್ರೆ ಅಲ್ಟ್ರಾ ವೈಡ್ ಲೆನ್ಸ್‌ಗೆ ಹಾಕಿ, ಸ್ಟೆಬಿಲೈಸೇಷನ್ ಆಫ್ ಮಾಡೋಕಾದ್ರೆ ಮಾಡಿ. ಅದು ಫ್ರೇಮ್‌ನ ಅಂಚು ಕತ್ತರಿಸುತ್ತೆ, ಹಲಗೆ ಕೊಡೋ ಏರಿಳಿತವನ್ನೂ ತಿಂದುಹಾಕುತ್ತೆ. ಶಟರ್ ತುಂಬಾ ಜೋರಾಗಿದ್ರೆ ಚಲನೆಯ ಮಸುಕು ಇಲ್ಲದೆ ಮರಗಳು ತಡೆತಡೆದು ಜಿಗಿದ ಹಾಗೆ ಕಾಣುತ್ತವೆ, 1/50ರ ಹತ್ತಿರ ಲಾಕ್ ಮಾಡಿ. ಹಗಲಲ್ಲಿ ಅಷ್ಟು ಇಳಿಸಿದ್ರೆ ಬಿಳಿಚುತ್ತೆ, ಎನ್‌ಡಿ ಫಿಲ್ಟರ್ (ಬೆಳಕು ತಗ್ಗಿಸೋ ಮಬ್ಬು ಗಾಜು) ಬೇಕು. ಇಲ್ಲಾಂದ್ರೆ ಸಂಜೆ ಆರೂವರೆ ಹೊತ್ತಿಗೆ ತೆಗೀರಿ. ಹಲಗೆಗೆ ಬಿಗಿಯೋವಾಗ ಮೊಬೈಲ್ ಕ್ಲಾಂಪ್ ಕೆಳಗೆ ಸೈಕಲ್ ಟ್ಯೂಬಿನ ತುಂಡು ಎರಡು ಪದರ ಇಡಿ, ತುದಿಯಿಂದ ಬರೋ ಟಕಟಕ ಅದುರು ಅಲ್ಲೇ ನಿಲ್ಲುತ್ತೆ.